ದಾಸಪ್ಪನ ಮಣ್ಣು, ಸಿದ್ದರಾಜುವಿನ ಹೊಲ

ತೊಂಬತ್ನಾಲ್ಕರ ಮೇ ತಿಂಗಳ ಒಂದು ಬೆಳಿಗ್ಗೆ ಭಾಗ್ಯಜ್ಯೋತಿ ಕೋಣನಕುಂಟೆ ಕ್ರಾಸಿನಲ್ಲಿ ಬಸ್ಸಿಳಿಯುವಾಗ ಅವಳ ಹೆಗಲ ಮೇಲಿದ್ದ ಕಬ್ಬಿಣದ ಬೈರಿಗೆ ಕಂಡಕ್ಟರನ ತಲೆಗೆ ತಗುಲುವುದು ಸ್ವಲ್ಪದರಲ್ಲಿ ತಪ್ಪಿತು.

"ಏನ್ ಮೇಡಂ, ಬೋರ್‌ವೆಲ್ಲನ್ನೇ ಬಸ್ಸಲ್ಲಿ ತಗೊಂಡ್ ಬರ್ತೀರಾ!" ಎಂದು ರೇಗಿಸಿ ಅವನು ಶಿಳ್ಳೆ ಊದಿದ.

ಅದು ಬೋರ್‌ವೆಲ್ ಅಲ್ಲ, ನೆಲದೊಳಗಿನ ಮಣ್ಣನ್ನು ಕೊರೆದು ತೆಗೆಯುವ ಸಾಧನ. ಭಾಗ್ಯಜ್ಯೋತಿ ರೋಣದ ಕಡೆಯ ಹುಡುಗಿ. ಧಾರವಾಡದಲ್ಲಿ ಕೃಷಿ ಓದಿ, ಮಣ್ಣಿನ ಸರ್ವೆ ಮಾಡುವ ಸರ್ಕಾರಿ ಕಚೇರಿಯೊಂದರಲ್ಲಿ ಕೆಲಸ ಹಿಡಿದು, ಅವ್ವ ರೇಣವ್ವನ ಜೊತೆ ಬಿಟಿಎಂ ಬಡಾವಣೆಯಲ್ಲಿ ಬಾಡಿಗೆ ಮನೆ ಮಾಡಿದ್ದಳು. ತಾಲ್ಲೂಕಿನ ಹೊಲಗಳನ್ನು ಸುತ್ತಿ, ಎಲ್ಲಿ ಮಣ್ಣು ಎಷ್ಟು ಆಳ, ಯಾವ ಬಣ್ಣ, ನೀರು ಹಿಡಿಯುತ್ತದೋ ಬಿಡುತ್ತದೋ, ಅಲ್ಲಿ ಯಾವ ಬೆಳೆ ಸರಿ ಎಂದು ನಕ್ಷೆಯಲ್ಲಿ ಗುರುತಿಸುವುದು ಅವಳ ಕೆಲಸ. ಜೆ.ಪಿ. ನಗರದ ಮನೆಗಳು ಆಗಿನ್ನೂ ಜರಗನಹಳ್ಳಿಯವರೆಗೆ ಬಂದು ದಣಿವಾರಿಸಿಕೊಳ್ಳುತ್ತಿದ್ದವು. ಅಲ್ಲಿಂದಾಚೆ ಕನಕಪುರ ರಸ್ತೆಯ ಎರಡೂ ಮಗ್ಗುಲಿಗೆ ರಾಗಿ ಹೊಲ, ಸೊಪ್ಪಿನ ಮಡಿ, ಹುಣಸೆ ಮರ.

ರಸ್ತೆಯಿಂದ ಒಳಗೆ ನಡೆದು ಮೊದಲು ಸಿಕ್ಕಿದ ದಿಣ್ಣೆಯ ಹೊಲದಲ್ಲಿ ಅವಳು ಬೈರಿಗೆ ಇಳಿಸಿ ಟೇಪು ಬಿಚ್ಚಿದ್ದೇ ತಡ, ಹುಣಸೆ ಮರದ ಕೆಳಗೆ ಎಲೆ ಅಡಿಕೆ ಹಾಕುತ್ತಿದ್ದ ದಾಸಪ್ಪ ಎದ್ದು ಬಂದ. ಐವತ್ತು ದಾಟಿದ ಗಟ್ಟಿ ಆಳು. ದನಿ ಅದಕ್ಕಿಂತ ಗಟ್ಟಿ.

"ಏನಮ್ಮಾ, ಲೇಔಟ್ ಮಾಡಾಕ್ ಬಂದ್ರಾ? ಒಂದಿಂಚೂ ಬಿಡಾಕಿಲ್ಲ ನಾನು."

"ಲೇಔಟ್ ಅಲ್ರೀ ಅಣ್ಣಾರ. ಮಣ್ಣ ನೋಡಾಕ ಬಂದೀನ್ರಿ."

"ಮಣ್ಣಲ್ಲಿ ನೋಡಾದೇನೈತೆ? ಕೆಂಪಗೈತೆ. ನೋಡಾಯ್ತಲ್ಲ, ವಾಪಸ್ ಬಸ್ಸು ಬತ್ತೈತೆ, ಹೊಲ್ಡಿ."

ಅಷ್ಟರಲ್ಲಿ ದಾಸಪ್ಪನ ಹೆಂಡತಿ ಈಶ್ವರಮ್ಮ ಬುತ್ತಿಯ ಕುಕ್ಕೆ ಹೊತ್ತು ಬಂದಳು. ಬಿಸಿಲಿಗೆ ಕೆಂಪಾಗಿದ್ದ ಹುಡುಗಿಯ ಮುಖ ನೋಡಿದ್ದೇ, "ಮಗ ಬೆವ್ತೋಗೈತೆ. ಮೊದ್ಲು ಮಜ್ಜಿಗೆ ಕುಡೀಲಿ, ಆಮೇಕೆ ಜಗಳ ಆಡೂವ್ರಂತೆ" ಎಂದು ಗಂಡನನ್ನು ಪಕ್ಕಕ್ಕೆ ಸರಿಸಿದಳು.

ಮಜ್ಜಿಗೆ ಕುಡಿದು ಮುಗಿಯುವಷ್ಟರಲ್ಲಿ ದಾಸಪ್ಪನಿಗೆ ಒಂದು ವಿಷಯ ಖಾತ್ರಿಯಾಯಿತು: ಈ ಹುಡುಗಿ ನೆಲ ಕಿತ್ತುಕೊಳ್ಳಲು ಬಂದವಳಲ್ಲ. ಆದರೆ ಎದೆಯಾಳದ ಗುಂಡಿ ತೋಡಬೇಕು, ಮಧ್ಯಾಹ್ನ ಕಚೇರಿಯಿಂದ ಆಳು ಬರುತ್ತಾರೆ ಎಂದು ಅವಳು ಹೇಳಿದಾಗ ಮತ್ತೆ ಕೆರಳಿದ.

"ನನ್ ಹೊಲದಾಗೆ ಕಂಡೋರ್ ಯಾಕೆ ಅಗೀಬೇಕು? ನಾನೇ ಅಗೀತೀನಿ. ಎಲ್ಲಿ ಹೇಳಿ."

ಅಗೆದ. ಮೇಲೆ ಗೇಣುದ್ದ ಕೆಮ್ಮಣ್ಣು ಸಲೀಸಾಗಿ ಎದ್ದಿತು. ಅದರ ಕೆಳಗೆ ಹಾರೆ ಠಣ್ಣೆಂದಿತು. ನೊರಜುಗಲ್ಲು, ಅದರ ಕೆಳಗೂ ನೊರಜುಗಲ್ಲು, ಇನ್ನೂ ಕೆಳಗೆ ಅರ್ಧ ಕೊಳೆತ ಬಂಡೆ. ಭಾಗ್ಯಜ್ಯೋತಿ ಗುಂಡಿಗಿಳಿದು ಗೋಡೆಯಿಂದ ಚಿಟಿಕೆ ಮಣ್ಣು ಕೆರೆದು, ನೀರು ಹಾಕಿ ಮಿದ್ದು, ಬೆರಳ ನಡುವೆ ಹೊಸೆದಳು. ಅವಳೂರಿನ ಎರೆ ಮಣ್ಣಾದರೆ ಹೀಗೆ ಹೊಸೆದಾಗ ರಿಬ್ಬನ್ನಿನ ಹಾಗೆ ಉದ್ದಕ್ಕೆ ಇಳಿಯುತ್ತಿತ್ತು. ಒಂದು ಮಳೆ ಬಿದ್ದರೆ ಅದನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಚಳಿಗಾಲವಿಡೀ ಜೋಳ ಸಾಕುವ ಮಣ್ಣು ಅದು. ಇಲ್ಲಿಯದು ಬೆರಳಲ್ಲೇ ಪುಡಿಪುಡಿಯಾಗಿ ಉದುರಿತು.

"ಇದು ನೀರ ಹಿಡ್ಯಂಗಿಲ್ರಿ. ಬಿದ್ದಿದ್ದು ಬಿದ್ದಂಗ ಇಳದ ಹೋಗ್ತದ. ಮ್ಯಾಲಿನ ಮಣ್ಣ ಭಾಳ ತೆಳು ಐತ್ರಿ."

"ನಮ್ಮಪ್ಪನ ಕಾಲ್ದಾಗೆ ಮೊಣಕಾಲ್ ಉದ್ದ ಇತ್ತು. ನೇಗಿಲು ಬೆಣ್ಣೇಲಿ ಹೋದಂಗ್ ಹೋಗೋದು."

"ಹಂಗಾರ ಎಲ್ಲಿ ಹೋತ್ರಿ ಅದು?"

ಭಾಗ್ಯಜ್ಯೋತಿ ಇಳಿಜಾರಿನ ಕೆಳಗೆ, ಹಸಿರು ತುಂಬಿ ನಿಂತಿದ್ದ ತಗ್ಗಿನ ಹೊಲದ ಕಡೆ ನೋಡಿ ಅದು ಯಾರದೆಂದು ಕೇಳಿದಳು.

"ಪಕ್ಕದೋರ್ದು" ಎಂದ ದಾಸಪ್ಪ, ಬಾಯಿ ಬಿಗಿದು.

"ಇವರ ತಮ್ಮಂದು" ಎಂದಳು ಈಶ್ವರಮ್ಮ. "ಒಡಹುಟ್ಟಿದ ತಮ್ಮ, ಸಿದ್ದರಾಜು. ಮಾತಿಲ್ಲ ಕತೆಯಿಲ್ಲ."

ಅಪ್ಪ ಸತ್ತ ಮೇಲೆ ಚೀಟಿ ಎತ್ತಿ ಹೊಲ ಹಂಚಿಕೊಂಡಾಗ ದಾಸಪ್ಪನಿಗೆ ದಿಣ್ಣೆ, ಸಿದ್ದರಾಜುವಿಗೆ ತಗ್ಗು ಬಂದಿತ್ತು. ಚೀಟಿ ಮಡಿಸಿದ್ದು ಸರಿಯಿಲ್ಲವೆಂದು ದಾಸಪ್ಪ ಒಂದು ಮಾತು ಅಂದ, ಸಿದ್ದರಾಜು ಎರಡು ಅಂದ. ಅಲ್ಲಿಗೆ ಮಾತು ನಿಂತಿತು. ಅಂದಿನಿಂದ ಅಣ್ಣ ತಮ್ಮ ಒಬ್ಬರಿಗೊಬ್ಬರು ಏನಾದರೂ ತಿಳಿಸಬೇಕಾದರೆ ಎತ್ತಿಗೆ ಹೇಳುತ್ತಿದ್ದರು. "ಲೇ ಬಸವಾ, ಕೆಲವರ ದನ ನಮ್ ರಾಗಿ ಮೇಯ್ತವೆ, ನೋಡ್ಕ" ಎಂದು ದಾಸಪ್ಪ ದಿಣ್ಣೆಯ ಮೇಲಿಂದ ಗಟ್ಟಿಯಾಗಿ ಎತ್ತಿಗೆ ಬುದ್ಧಿ ಹೇಳಿದರೆ, ಸಿದ್ದರಾಜು ತನ್ನ ಮೊಪೆಡ್‌ಗೆ ಉತ್ತರ ಹೇಳುತ್ತಿದ್ದ, ಅವನ ಬಳಿ ಎತ್ತಿರಲಿಲ್ಲ. ಅವನು ಬೆಳೆಯುತ್ತಿದ್ದುದು ಸೊಪ್ಪು. ದಂಟು, ಮೆಂತ್ಯ, ಕೊತ್ತಂಬರಿ ಕಟ್ಟಿ ಬೆಳಿಗ್ಗೆ ಜಯನಗರದ ಮಾರ್ಕೆಟ್ಟಿಗೆ ಒಯ್ಯುತ್ತಿದ್ದ. ಇಬ್ಬರ ಹೆಂಡಿರು ಮಾತ್ರ ಮೊದಲಿನಿಂದಲೂ ಹೊಲದ ಗಡಿಯಲ್ಲಿ ಕೂತು ಗಂಡಂದಿರನ್ನು ಆಡಿಕೊಳ್ಳುವುದನ್ನು ಬಿಟ್ಟಿರಲಿಲ್ಲ.

ಭಾಗ್ಯಜ್ಯೋತಿ ತಗ್ಗಿನ ಹೊಲಕ್ಕೂ ಹೋದಳು. ಅಣ್ಣ ತನ್ನ ಕೈಯಾರೆ ಗುಂಡಿ ತೋಡಿದ್ದನ್ನು ಕೆಳಗಿನಿಂದ ನೋಡಿದ್ದ ಸಿದ್ದರಾಜು ಅವಳು ಬಾಯಿ ತೆರೆಯುವ ಮೊದಲೇ ಗುದ್ದಲಿ ಹಿಡಿದು ನಿಂತಿದ್ದ.

"ಎಷ್ಟ್ ಆಳ ಬೇಕು ಮೇಡಂ? ಅಲ್ಲಿಗಿಂತ ಒಂದಡಿ ಜಾಸ್ತೀನೇ ತೋಡ್ತೀನಿ."

ಇಲ್ಲಿ ಕಲ್ಲೇ ಸಿಗಲಿಲ್ಲ. ಗುದ್ದಲಿ ಮೆತ್ತಗೆ ಇಳಿಯುತ್ತ ಹೋಯಿತು. ಕೆಳಗೆ ಕಪ್ಪಗಿನ ತಂಪಾದ ಗೋಡು ಮಣ್ಣು, ಅದರ ಮೇಲೆ ಹೊದಿಸಿದಂತೆ ದಪ್ಪನೆಯ ಕೆಂಪು ಪದರ. ಎರಡರ ನಡುವೆ ಗೆರೆ ಎಳೆದಷ್ಟು ಸ್ಪಷ್ಟ. ಪುಸ್ತಕದಲ್ಲಿ ಓದಿದ್ದನ್ನು ಹೀಗೆ ಕಣ್ಣಾರೆ ಕಂಡ ಖುಷಿಗೆ ಭಾಗ್ಯಜ್ಯೋತಿ ಯಾರು ಎಲ್ಲಿ ನಿಂತಿದ್ದಾರೆ ಎಂಬುದನ್ನು ಮರೆತಳು.

"ನೋಡ್ರಿ ಅಣ್ಣಾರ, ಎಷ್ಟ್ ಚಂದ ಐತಿ! ಈ ಕರೇದು ನಿಮ್ಮ ಹೊಲದ್ದ ಖರೇ ಮಣ್ಣು. ಮ್ಯಾಲಿನ ಕೆಂಪು ಐತಲ್ಲ, ಇದು ಇಲ್ಲಿದಲ್ರಿ. ಮಳಿಗೆ ಮ್ಯಾಲಿನ ಹೊಲದಿಂದ ಹರದ ಬಂದದ್ದು!"

ಸಿದ್ದರಾಜು ಕೆಮ್ಮಿದ. ಅವನ ಹೆಂಡತಿ ಲತಾಮಣಿ ಹಣೆ ಚಚ್ಚಿಕೊಂಡಳು. ದಿಣ್ಣೆಯ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ದಾಸಪ್ಪನ ಗಂಟಲು ಕೋಣನಕುಂಟೆಗೆಲ್ಲ ಕೇಳಿತು.

"ಕೇಳುಸ್ಕೊಂಡೇನೋ ಬಸವಾ! ಸರ್ಕಾರ್ದೋರೇ ಹೇಳವ್ರೆ! ನನ್ ಮಣ್ಣು ಅಲ್ಲೈತಂತೆ! ಇಷ್ಟ್ ವರ್ಷ ನನ್ ಮಣ್ಣಾಗೆ ಸೊಪ್ಪು ಬೆಳ್ಕೊಂಡು ತಿಂದವ್ರೆ!"

ಆ ಸಂಜೆ ಜೋಳದ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕೇಳಿದ ರೇಣವ್ವ, "ಏನವಾ, ಮಣ್ಣ ಅಗದ ಬಾ ಅಂತ ಕಳಿಸಿದ್ರ ಜಗಳ ಅಗದ ಬಂದೀ?" ಎಂದಳು.

ಜಗಳವೇನೋ ಚೆನ್ನಾಗಿಯೇ ಬೆಳೆಯಿತು. ತನ್ನ ಮಣ್ಣನ್ನು ಗಾಡಿಯಲ್ಲಿ ತುಂಬಿ ವಾಪಸ್ ತರುತ್ತೇನೆಂದು ದಾಸಪ್ಪ ಎತ್ತಿಗೆ ಹೇಳಿದ. ಹಾಗಾದರೆ ಇಷ್ಟು ವರ್ಷ ದಿಣ್ಣೆಯಿಂದ ನುಗ್ಗಿ ತನ್ನ ಸೊಪ್ಪಿನ ಮಡಿ ಕೊಚ್ಚಿದ ನೀರನ್ನೂ ಒಯ್ಯಬೇಕೆಂದು ಸಿದ್ದರಾಜು ಮೊಪೆಡ್‌ಗೆ ಹೇಳಿದ. ವಾರ ಕಳೆಯುವುದರೊಳಗೆ ದಾಸಪ್ಪ ಭಾಗ್ಯಜ್ಯೋತಿಯ ಕಚೇರಿಗೇ ಬಂದುಬಿಟ್ಟ. ಕೈಯಲ್ಲಿ ಎರಡು ಟಿಫನ್ ಡಬ್ಬಿ. ಅಧಿಕಾರಿ ಸಿದ್ದಲಿಂಗಯ್ಯನವರು ಹಳ್ಳಿಯಿಂದ ಯಾರೋ ಪ್ರೀತಿಯಿಂದ ಊಟ ತಂದರೆಂದು ಮುಚ್ಚಳ ತೆಗೆದರೆ ಎರಡರಲ್ಲೂ ಕೆಮ್ಮಣ್ಣು.

"ಸಾಮಿ, ಇದು ಮೇಲಿಂದು, ಇದು ಕೆಳಗಿಂದು. ಎರಡೂ ಒಂದೇ ಅಂತ ಒಂದು ಸರ್ಟಿಫಿಕೇಟ್ ಕೊಡಿ. ನಾನು ನನ್ ಮಣ್ಣು ತಗೊಂಡೋಗ್ತೀನಿ."

ಸಿದ್ದಲಿಂಗಯ್ಯನವರು ಡಬ್ಬಿಗಳ ಮುಚ್ಚಳ ಜೋಪಾನವಾಗಿ ಹಾಕಿದರು. "ನೋಡಪ್ಪಾ, ಮಣ್ಣು ಹೋಗಿದೆ ಅಂತ ಬರೆಯೋದು ನಮ್ಮ ಕೆಲಸ. ವಾಪಸ್ ಕೊಡಿಸೋದು ನಮ್ಮ ಡಿಪಾರ್ಟ್‌ಮೆಂಟಲ್ಲಿ ಬರಲ್ಲ." ಆಮೇಲೆ ಮೂಲೆಯ ಮೇಜಿನ ಹಿಂದೆ ತಲೆ ತಗ್ಗಿಸಿ ಕೂತಿದ್ದವಳ ಕಡೆ ತಿರುಗಿ, "ಭಾಗ್ಯಜ್ಯೋತಿ, ಈ ಸಲ ವರದಿ ಬರೆದು ಕೊಡಿ ಸಾಕು. ಹೊಲದಲ್ಲಿ ನಿಂತು ಓದಬೇಡಿ" ಎಂದರು.

ಅಣ್ಣ ತಮ್ಮಂದಿರ ಅಪ್ಪನ ಗೆಳೆಯನೊಬ್ಬನಿದ್ದ, ಪರಮಶಿವಯ್ಯ. ಕ್ರಾಸಿನಲ್ಲಿ ಟೀ ಅಂಗಡಿ ಅವನದು. ಇಬ್ಬರನ್ನೂ ಕರೆಸಿ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂರಿಸಿ, ತಾನು ನಡುವೆ ಕೂತ.

"ನಿಂಗೆ ಅವನ ಹೊಲ ಬೇಕು, ಅಷ್ಟೇ ತಾನೆ?" ಎಂದು ದಾಸಪ್ಪನನ್ನು ಕೇಳಿದ.

"ನನ್ ಮಣ್ಣು ಬೇಕು."

"ಅದು ಅವನ ಹೊಲ್ದಾಗೈತೆ. ಸರಿ. ಒಂದು ಬೆಳೆಗೆ ಬದ್ಲಾಯಿಸ್ಕಳಿ. ಈ ಮುಂಗಾರಿಗೆ ನೀನು ತಗ್ಗಿನಾಗೆ ಬಿತ್ತು, ಅವನು ದಿಣ್ಣೆ ಮೇಲೆ ಬಿತ್ಲಿ. ಯಾರ್ದು ಒಳ್ಳೇದು ಅಂತ ನೆಲಾನೇ ಹೇಳ್ತೈತೆ."

ದಾಸಪ್ಪ ತಟ್ಟನೆ ಒಪ್ಪಿದ. ಸಿದ್ದರಾಜುವಿಗೆ ಇಷ್ಟವಿರಲಿಲ್ಲ. ಆದರೆ "ಆಗಲ್ಲ ಅಂದ್ರೆ ದಿಣ್ಣೆ ಮೇಲೆ ಬೆಳೆಯೋ ತಾಕತ್ತಿಲ್ಲ ಅಂತಾಯ್ತು" ಎಂದು ದಾಸಪ್ಪ ಟೀ ಲೋಟಕ್ಕೆ ಹೇಳಿದ ಮೇಲೆ ಒಪ್ಪದೆ ವಿಧಿಯಿರಲಿಲ್ಲ. ಮನೆಯಲ್ಲಿ ಈ ಸುದ್ದಿ ಕೇಳಿದ ಲತಾಮಣಿ ಓರಗಿತ್ತಿ ಈಶ್ವರಮ್ಮನ ಹತ್ತಿರ ಓಡಿದಳು. ಇಬ್ಬರೂ ಕೂತು ಒಂದಷ್ಟು ಹೊತ್ತು ನಕ್ಕರಂತೆ.

ಜುಲೈಯಲ್ಲಿ ಮಳೆ ಹದವಾಗಿ ಬಂತು. ದಾಸಪ್ಪ ತಗ್ಗಿನಲ್ಲಿ ರಾಗಿ ಬಿತ್ತಿ, ನಡುನಡುವೆ ಅವರೆಯ ಸಾಲು ಹಾಕಿದ. ರಾಗಿ ಎಂದರೆ ರಾಗಿ! ಹಸಿರು ಕಪ್ಪಿಗೆ ತಿರುಗಿ, ನೋಡುನೋಡುತ್ತಿದ್ದಂತೆ ಸೊಂಟಕ್ಕೆ ಬಂತು. ಅವರೆ ಬಳ್ಳಿ ಸಿಕ್ಕಿದ್ದಕ್ಕೆಲ್ಲ ಹಬ್ಬಿತು. ದಾಸಪ್ಪ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದ. "ಮಣ್ಣು ಯಜಮಾನ್ನ ಗುರುತು ಹಿಡಿದೈತೆ ಕಣಣ್ಣ."

ದಿಣ್ಣೆಯ ಮೇಲೆ ಸಿದ್ದರಾಜುವಿನ ಪಾಡು ಬೇರೆ. ಸೊಪ್ಪಿನ ಹೊರತು ಅವನಿಗೆ ಬೇರೆ ಬೇಸಾಯ ಮರೆತೇಹೋಗಿತ್ತು. ಕೊತ್ತಂಬರಿ ಚೆಲ್ಲಿದ. ಬೆಳಿಗ್ಗೆ ನೀರು ಹಾಕಿದರೆ ಮಧ್ಯಾಹ್ನಕ್ಕೆ ನೆಲ ಸುಟ್ಟ ಹೆಂಚು. ತಗ್ಗಿನ ಬಾವಿಯಿಂದ ಕೊಡ ಹೊತ್ತು ಹೊತ್ತು ಅವನ ಭುಜ ಬಾತುಕೊಂಡಿತು. ಎಳೆ ಸಸಿಗಳು ಮುಖ ತೋರಿಸಿ ಒಣಗಿದವು. ಹಟ ಬಿಡದೆ ಇನ್ನೊಮ್ಮೆ ಚೆಲ್ಲಿದ. ಅದರ ಮರುದಿನವೇ ಜೋರು ಮಳೆ ಹೊಯ್ದು, ಬೀಜವೂ ಮೇಲಿನ ಮಣ್ಣೂ ಒಟ್ಟಿಗೆ ಇಳಿಜಾರು ಹಿಡಿದವು.

ಸ್ವಲ್ಪ ದಿನ ಕಳೆದ ಮೇಲೆ ದಾಸಪ್ಪನ ರಾಗಿಯ ಅಂಚಿನಲ್ಲಿ, ಯಾರೂ ಬಿತ್ತದ ಕೊತ್ತಂಬರಿ ಸೊಂಪಾಗಿ ಎದ್ದು ನಿಂತಿತು.

ಅದು ಯಾರ ಕೊತ್ತಂಬರಿ ಎಂಬುದರ ಮೇಲೆ ಪರಮಶಿವಯ್ಯನ ಅಂಗಡಿಯಲ್ಲಿ ಭಾರಿ ಚರ್ಚೆಯಾಯಿತು. ಬೀಜ ತನ್ನದು ಎಂದು ಸಿದ್ದರಾಜು. ಸದ್ಯಕ್ಕೆ ಹೊಲ ತನ್ನದು ಎಂದು ದಾಸಪ್ಪ. ಮಣ್ಣು ಯಾರದೆಂಬ ಪ್ರಶ್ನೆಗೆ ಬಂದಾಗ ಇಬ್ಬರೂ ಒಟ್ಟಿಗೆ ಬಾಯಿ ತೆರೆದು ಒಟ್ಟಿಗೆ ಮುಚ್ಚಿದರು. ಅಷ್ಟರಲ್ಲಿ ಈಶ್ವರಮ್ಮ, ಲತಾಮಣಿ ಸೇರಿ ಅದನ್ನೆಲ್ಲ ಕಿತ್ತು, ಎರಡು ಪಾಲು ಮಾಡಿ, ಎರಡೂ ಮನೆಯಲ್ಲಿ ಚಟ್ನಿ ಅರೆದಾಗಿತ್ತು.

ಭಾಗ್ಯಜ್ಯೋತಿ ಇಷ್ಟು ದಿನ ಆ ಕಡೆ ತಲೆ ಹಾಕಿರಲಿಲ್ಲ. ಜರಗನಹಳ್ಳಿ, ಯಲಚೇನಹಳ್ಳಿ ಎಂದು ಸುತ್ತು ಬಳಸಿ ಕೆಲಸ ಮಾಡುತ್ತಿದ್ದಳು. ಆದರೆ ಮಳೆಗಾಲದಲ್ಲಿ ಅದೇ ಗುಂಡಿಗಳ ತೇವ ನೋಡಲೇಬೇಕಿತ್ತು. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಅಂಜುತ್ತಲೇ ಬಂದಳು. ಬಂದವಳಿಗೆ ದಾಸಪ್ಪ ಬೈಯಲಿಲ್ಲ. ರಾಗಿಯ ಹೊಲದಲ್ಲಿ ಮಂಕಾಗಿ ನಿಂತಿದ್ದ. ಹಿಂದಿನ ಮಳೆಗೆ ಎತ್ತರದ ರಾಗಿಯೆಲ್ಲ ಅಡ್ಡಡ್ಡ ಮಲಗಿತ್ತು, ಬುಡದಲ್ಲಿ ನೀರು ನಿಂತು ಕೆಳಗಿನ ಎಲೆಗಳು ಹಳದಿಯಾಗಿದ್ದವು.

"ಏನಮ್ಮಣ್ಣಿ ಇದು? ಇಷ್ಟೆತ್ತರ ಬಂತು. ತೆನೆ ನೋಡು, ಬೆರಳಿನಷ್ಟೂ ಇಲ್ಲ. ಅವರೆ ಅಂತೂ ಎಲೆ ಬಿಟ್ಟು ಬೇರೇನೂ ಬಿಡಾಂಗ್ ಕಾಣೆ."

ಈ ಸಲ ಅವಳು ಸುತ್ತ ಯಾರಿದ್ದಾರೆಂದು ನೋಡಿಕೊಂಡೇ ಬಾಯಿ ತೆರೆದಳು. "ಅಣ್ಣಾರ, ಈ ನೆಲಕ್ಕ ಸತ್ವ ಜಾಸ್ತಿ, ನೀರೂ ಜಾಸ್ತಿ. ರಾಗಿ, ಅವರೆಗೆ ಇಷ್ಟ್ ಉಪಚಾರ ಆಗಿಬರಂಗಿಲ್ರಿ. ಕೊಬ್ಬಿ ಬರೇ ಎಲಿ ಬಿಡ್ತಾವು. ಅವಕ್ಕ ನಿಮ್ಮ ದಿಣ್ಣೀನ ಸರಿ. ಕಾಲಾಗ ನೀರ ನಿಲ್ಲಬಾರ್ದು, ಒಂಚೂರು ಹಸಿವು ಇರಬೇಕು. ಸೊಪ್ಪಿಗೆ ಈ ತಗ್ಗು ಬೇಕು."

"ಅಂದ್ರೆ ಚೀಟಿ ಸರಿಯಾಗೇ ಬಿದ್ದಿತ್ತು ಅಂತೀಯಾ?"

"ಚೀಟಿ ನನಗ ಗೊತ್ತಿಲ್ರಿ. ಮಣ್ಣ ಅಷ್ಟ ಗೊತ್ತು."

ಮಾತು ಮುಗಿಯುವ ಮೊದಲೇ ಬನ್ನೇರುಘಟ್ಟದ ಕಡೆಯಿಂದ ಕವಿದಿದ್ದ ಮೋಡ ಒಡೆಯಿತು. ಮಳೆ ಅಂದರೆ ಎದುರಿಗಿರುವವರ ಮುಖ ಕಾಣದಷ್ಟು. ಎಲ್ಲರೂ ಹುಣಸೆ ಮರದ ಕೆಳಗೆ ಓಡಿದರು: ದಾಸಪ್ಪ, ಭಾಗ್ಯಜ್ಯೋತಿ, ದಿಣ್ಣೆಯ ಮೇಲೆ ಮೂರನೇ ಸಲ ಬಿತ್ತಲು ನೆಲ ಹದ ಮಾಡುತ್ತಿದ್ದ ಸಿದ್ದರಾಜು, ಕಳೆ ಕೀಳುತ್ತಿದ್ದ ಈಶ್ವರಮ್ಮ ಮತ್ತು ಲತಾಮಣಿ. ಅಲ್ಲಿಂದ ಇಡೀ ಇಳಿಜಾರು ಕಣ್ಣ ಮುಂದಿತ್ತು. ದಾಸಪ್ಪ ಮೊದಲಿನಿಂದಲೂ ದಿಣ್ಣೆಯನ್ನು ಮೇಲಿಂದ ಕೆಳಕ್ಕೆ ಉಳುತ್ತಿದ್ದ, ಹಾಗೆ ಹೊಡೆದರೆ ಎತ್ತು ತಿರುಗಿಸುವ ಕೆಲಸ ಕಡಿಮೆ ಎಂದು. ಸಿದ್ದರಾಜುವೂ ಅದೇ ಸಾಲು ಹಿಡಿದಿದ್ದ. ಈಗ ಒಂದೊಂದು ಸಾಲೂ ಒಂದೊಂದು ಕಾಲುವೆಯಾಗಿ, ನೀರು ಕೆಂಪು ಸಾರಿನಂತೆ ಇಳಿಯುತ್ತಿತ್ತು. ಎರಡು ಹೊಲಗಳ ನಡುವೆ ಅವರಪ್ಪ ಹಾಕಿದ್ದ ಮಣ್ಣಿನ ಬದು ಅಲ್ಲಲ್ಲಿ ಹರಿದು ಬಾಯಿ ಬಿಟ್ಟಿತ್ತು. ಅದು ಯಾರ ಪಾಲಿನದೆಂದು ತೀರ್ಮಾನವಾಗದೆ ಇಬ್ಬರೂ ಅದಕ್ಕೆ ಒಂದು ಹಿಡಿ ಮಣ್ಣು ಹಾಕಿದವರಲ್ಲ.

"ಅದಾ ನೋಡ್ರಿ, ಅಲ್ಲಿಂದನ ಹೋಗ್ತದ" ಎಂದಳು ಭಾಗ್ಯಜ್ಯೋತಿ ಮೆಲ್ಲಗೆ.

ಹರಿದ ಬದುವಿನ ಬಾಯಿ ನೋಡುತ್ತಿದ್ದಂತೆಯೇ ಅಗಲವಾಯಿತು. ನೀರು ಅಲ್ಲಿಂದ ದುಮ್ಮಿಕ್ಕಿ, ಮಲಗಿದ್ದ ರಾಗಿಯನ್ನು ಹಾಸಿಗೆ ಸುತ್ತಿದಂತೆ ಸುತ್ತತೊಡಗಿತು.

ದಾಸಪ್ಪ ಗುದ್ದಲಿ ಎತ್ತಿಕೊಂಡು ಮಳೆಯಲ್ಲೇ ಓಡಿದ. ಬದುವಿನ ಬಾಯಿಗೆ ಅಡ್ಡ ನಿಂತು ಮಣ್ಣೆಳೆದು ಹಾಕಿದರೆ, ಹಾಕಿದ್ದು ಹಾಕಿದಂತೆ ಕೊಚ್ಚಿಹೋಯಿತು. ಒಬ್ಬನ ಕೈಯಲ್ಲಿ ಆಗುವ ಕೆಲಸವಾಗಿರಲಿಲ್ಲ. ಅವನು ಸುತ್ತ ನೋಡಿದ. ಎತ್ತು ಕೊಟ್ಟಿಗೆಯಲ್ಲಿತ್ತು.

"ಲೇ ಸಿದ್ದಾ! ನೋಡ್ಕೊಂಡ್ ನಿಂತವ್ನೆ! ಕಲ್ಲು ತಗೊಂಬಾರೋ!"

ಸಿದ್ದರಾಜು ಆಗಲೇ ಅರ್ಧ ದಾರಿಗೆ ಬಂದಿದ್ದ. "ಬಂದೆ ಕಣಣ್ಣೋ! ನೀನ್ ಅಲ್ಲೇ ನಿಲ್ಲಬ್ಯಾಡ, ಕಾಲ್ ಜಾರ್ತದೆ, ಈ ಕಡೆ ಬಾ!"

ಮರದಡಿಯಲ್ಲಿ ಈಶ್ವರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಮಳೆ ನೀರೋ ಇನ್ನೇನೋ, ಭಾಗ್ಯಜ್ಯೋತಿ ಕೇಳಲಿಲ್ಲ. ಅವಳೂ ಓಡಿದಳು. ದಿಣ್ಣೆಯ ಗುಂಡಿಯಿಂದ ಮೇ ತಿಂಗಳಲ್ಲಿ ಎದ್ದಿದ್ದ ನೊರಜುಗಲ್ಲಿನ ರಾಶಿ ಅಲ್ಲೇ ಬಿದ್ದಿತ್ತು. ಅದನ್ನು ಮಂಕರಿಯಲ್ಲಿ ತುಂಬಿ ಹೆಂಗಸರು ಕೈಯಿಂದ ಕೈಗೆ ದಾಟಿಸಿದರು, ಸಿದ್ದರಾಜು ಕಲ್ಲು ಜೋಡಿಸಿದ, ದಾಸಪ್ಪ ಮಣ್ಣು ಮೆತ್ತಿದ. ಮಳೆ ನಿಲ್ಲುವ ಹೊತ್ತಿಗೆ ಬದುವಿನ ಬಾಯಿ ಮುಚ್ಚಿತ್ತು, ಐದೂ ಜನ ಒಂದೇ ಬಣ್ಣಕ್ಕೆ ತಿರುಗಿದ್ದರು. ಬದುವಿನ ಮೇಲ್ಗಡೆ ನೀರು ಮಡುಗಟ್ಟಿ, ಕೆಂಪೆಲ್ಲ ತಳಕ್ಕಿಳಿದು, ನಿಧಾನಕ್ಕೆ ತಿಳಿಯಾಗುತ್ತಿತ್ತು. ಅಣ್ಣ ತಮ್ಮ ಅದನ್ನೇ ನೋಡುತ್ತ ಕೂತರು.

"ಮಣ್ಣು ಇಲ್ಲೇ ನಿಂತ್ಕಂತು" ಎಂದ ದಾಸಪ್ಪ.

"ಹೂಂ" ಎಂದ ಸಿದ್ದರಾಜು. ಕೈಯ ಕೆಸರು ಕೊಡವಿ, "ನೀನು ಸಾಲು ಅಡ್ಡಕ್ಕೆ ಹೊಡೀಬೇಕಾಗಿತ್ತು" ಎಂದ.

"ನೀನು ಯಾಕೆ ಉದ್ದಕ್ಕೆ ಹೊಡ್ದೆ ಮತ್ತೆ?"

"ನೀನ್ ಹೊಡ್ದಿದ್ದಕ್ಕೆ."

ಮಳೆ ಬಿಟ್ಟ ಮೇಲೆ ಒಂದು ಭಾನುವಾರ ಭಾಗ್ಯಜ್ಯೋತಿ ಯಾರೂ ಕರೆಯದೆ ತಾನಾಗಿ ಬಂದು, ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ದಿಣ್ಣೆಯ ಉದ್ದಕ್ಕೂ ಸಮಮಟ್ಟ ಗುರುತಿಸಿ ಗೂಟ ಹೊಡೆದಳು. ಗೂಟಗಳ ಸಾಲು ಸೊಟ್ಟಸೊಟ್ಟಗೆ ಹೋಯಿತು.

"ಹಾವು ಹೋದಂಗೈತಲ್ಲಮ್ಮ! ದಾರ ಹಿಡ್ದು ನೆಟ್ಟಗೆ ಎಳೀಬಾರ್ದಾ?" ಎಂದ ದಾಸಪ್ಪ.

"ನೆಟ್ಟಗ ಹಾಕಿದ್ರ ನೀರು ತಗ್ಗಿದ್ದ ಕಡೆ ಕೂಡಿ ಮತ್ತ ಒಡೀತದ್ರಿ. ನೆಲ ಹೆಂಗ ಬಾಗೇದ, ಬದು ಹಂಗ ಬಾಗಬೇಕು."

ದಾಸಪ್ಪನಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಒಂದು ಬದು ಅವಳು ಹೇಳಿದಂತೆ, ಇನ್ನೊಂದು ತನಗೆ ತೋಚಿದಂತೆ ನೆಟ್ಟಗೆ ಹಾಕಿದ. ಅಕ್ಟೋಬರಿನ ಮಳೆಗೆ ನೆಟ್ಟಗಿನದು ನಡುವೆ ಒಡೆಯಿತು. ಅವನು ಅದನ್ನು ಯಾರಿಗೂ ಹೇಳದೆ ಸೊಟ್ಟ ಮಾಡಿ ಕಟ್ಟಿದ. ಸಿದ್ದರಾಜು ನೋಡಿಯೂ ನೋಡದವನಂತಿದ್ದ. ಭಾಗ್ಯಜ್ಯೋತಿಗೆ ವಿಷಯ ಮುಟ್ಟಿಸಿದವಳು ಲತಾಮಣಿ.

ಆ ವರ್ಷದ ಬೆಳೆ ಇಬ್ಬರಿಗೂ ದಕ್ಕಲಿಲ್ಲ. ದಾಸಪ್ಪನಿಗೆ ರಾಗಿಗಿಂತ ಹುಲ್ಲೇ ಹೆಚ್ಚು ಸಿಕ್ಕಿತು, ಅವರೆ ಬಳ್ಳಿ ಎತ್ತಿಗೆ ಮೇವಾಯಿತು. ಸಿದ್ದರಾಜು ಮಾರ್ಕೆಟ್ಟಿನಲ್ಲಿ ತನ್ನ ಜಾಗವನ್ನು ಬೇರೆಯವರು ಹಿಡಿಯದಂತೆ ಕಾಯಲು ಇನ್ನೊಬ್ಬರ ಸೊಪ್ಪು ತಂದು ಮಾರಿದ. ಸಂಕ್ರಾಂತಿ ಕಳೆದ ಮೇಲೆ ಯಾರೂ ಮಧ್ಯಸ್ಥಿಕೆ ವಹಿಸದೆ, ಬೆಂಚು ಟೀ ಏನೂ ಇಲ್ಲದೆ, ತಮ್ಮತಮ್ಮ ಹೊಲಕ್ಕೆ ತಾವು ಮರಳಿದರು.

ಬೇಸಿಗೆಯಲ್ಲಿ ಒಂದು ದಿನ ಸಿದ್ದರಾಜು ದಿಣ್ಣೆಗೆ ಬಂದು ನಿಂತ. ತಗ್ಗಿನ ಮೂಲೆಯಲ್ಲಿ ಕೆಮ್ಮಣ್ಣು ದಿಬ್ಬದ ಹಾಗೆ ಸೇರಿ, ಬಾವಿ ನೀರು ಆ ಕಡೆಯ ಮಡಿಗಳಿಗೆ ಏರುವುದಿಲ್ಲ, ಅದನ್ನು ತೆಗೆಯಲೇಬೇಕು ಎಂದ.

"ಎಲ್ಲಾದ್ರೂ ಹಾಕ್ಬೇಕಲ್ಲ ಅದನ್ನ" ಎಂದ, ಆಕಾಶ ನೋಡುತ್ತ.

"ಗಾಡಿ ಕಟ್ಲಾ?" ಎಂದ ದಾಸಪ್ಪ, ಅವನೂ ಆಕಾಶವನ್ನೇ ನೋಡುತ್ತ.

ಹೀಗೆ ದಾಸಪ್ಪನ ಮಣ್ಣು ಗಾಡಿ ಹತ್ತಿ ವಾಪಸ್ ಬಂತು. ಎಲ್ಲವೂ ಬರಲಿಲ್ಲ, ಮೂಲೆಯದ್ದು ಮಾತ್ರ. ಜೊತೆಗೆ ತಗ್ಗಿನ ಕಪ್ಪು ಗೋಡನ್ನೂ ಸಿದ್ದರಾಜು ಒಂದಷ್ಟು ಏರಿಸಿದ. ಅದು ಬೇಡವೆಂದು ದಾಸಪ್ಪ ಬಾಯಲ್ಲಿ ಅಂದನೇ ಹೊರತು ಗಾಡಿ ನಿಲ್ಲಿಸಲಿಲ್ಲ. ಆ ಮುಂಗಾರಿನಲ್ಲಿ ಅವನು ಸಾಲು ಅಡ್ಡಕ್ಕೆ ಹೊಡೆದ. ಎತ್ತು ತಿರುಗಿಸಿ ತಿರುಗಿಸಿ ಸೊಂಟ ಹಿಡಿಯಿತೆಂದು ಭಾಗ್ಯಜ್ಯೋತಿಯನ್ನು ಕಂಡಾಗೆಲ್ಲ ಬೈದ. ರಾಗಿ ಗಿಡ್ಡಕ್ಕೇ ಬಂದು, ತೆನೆ ಮಾತ್ರ ಮುಷ್ಟಿ ಬಿಗಿದಂತೆ ತುಂಬಿ ನಿಂತಿತು. ರಾಗಿ ಕೊಯ್ದ ಮೇಲೆ ಮಂಜು ಬಿದ್ದು ಅವರೆ ಹೂ ಕಟ್ಟಿತು. ಡಿಸೆಂಬರಿನ ಬೆಳಗ್ಗೆಗಳಲ್ಲಿ ಆ ದಿಣ್ಣೆಯ ಸೊಗಡು ರಸ್ತೆಯ ಬಸ್ಸಿನೊಳಕ್ಕೂ ಬರುತ್ತಿತ್ತು. ದಾಸಪ್ಪನ ಅವರೆಕಾಯಿ ಸಿದ್ದರಾಜುವಿನ ಮೊಪೆಡ್ ಹತ್ತಿ ಕೊತ್ತಂಬರಿ ಕಟ್ಟುಗಳ ಪಕ್ಕದಲ್ಲಿ ಜಯನಗರಕ್ಕೆ ಹೋಯಿತು.

ಆ ಚಳಿಗಾಲದಲ್ಲೇ ಭಾಗ್ಯಜ್ಯೋತಿಗೆ ಆ ಭಾಗದ ಸರ್ವೆ ಮುಗಿದು ಆನೇಕಲ್ ಕಡೆಗೆ ಕೆಲಸ ಹಾಕಿದರು. ಹೇಳಿ ಹೋಗಲು ಬಂದರೆ ಅಣ್ಣ ತಮ್ಮ ಹುಣಸೆ ಮರದ ಕೆಳಗೆ ಕೂತು, ಗಡಿಯ ಬದುವಿನ ಮೇಲೆ ತೊಗರಿ ಹಾಕುವುದೋ ಹುರುಳಿಯೋ ಎಂದು ಕೂಗಾಡುತ್ತಿದ್ದರು.

"ಬಂದ್ಯಾ ಮಗಾ? ನೀನೇ ಹೇಳು ಇವನ್ಗೆ" ಎಂದ ದಾಸಪ್ಪ.

"ಮೇಡಂ, ನೀವು ಹೇಳ್ಬೇಡಿ. ಹೇಳಿದ್ರೆ ಅಣ್ಣ ಆಫೀಸಿಗೆ ಬರ್ತಾನೆ" ಎಂದ ಸಿದ್ದರಾಜು.

ಲತಾಮಣಿ ಅವಳನ್ನು ಪಕ್ಕಕ್ಕೆ ಕರೆದೊಯ್ದಳು. "ಮಾತಾಡ್ದೆ ಇದ್ದಾಗ್ಲೇ ನೆಮ್ದಿಯಾಗಿತ್ತಮ್ಮ. ಈಗ ಬೆಳಗಾದ್ರೆ ಇಬ್ರೂ ಇಲ್ಲೇ. ಅಕ್ಕಂಗೂ ನಂಗೂ ಕೂತು ಮಾತಾಡಾಕೆ ಒಂದು ಮರ ಇಲ್ದಂಗಾಯ್ತು."

ಈಶ್ವರಮ್ಮ ಹೊರಲಾರದಷ್ಟು ಅವರೆಕಾಯಿ ತುಂಬಿ ಕೊಟ್ಟಳು. ಬಿಟಿಎಂನ ಮನೆಯಲ್ಲಿ ರೇಣವ್ವ ಕಾಯಿ ಬಿಡಿಸಿ, ಕಾಳು ನೆನೆಸಿ, ಈಶ್ವರಮ್ಮ ಹೇಳಿ ಕಳಿಸಿದಂತೆ ಒಂದೊಂದನ್ನೇ ಹಿತುಕುತ್ತ ಕೂತಳು. ಬೇಳೆ ಪುಳಕ್ಕನೆ ಜಿಗಿದು ಮೂಲೆ ಸೇರಿದಾಗ, "ಇದೇನ ಅಡಿಗೀಯವಾ, ಗೋಲಿ ಆಟ ಇದ್ದಂಗೈತಿ" ಎಂದು ನಕ್ಕಳು. ಸಾರು ಕುದಿದು ಮನೆಯೆಲ್ಲ ಸೊಗಡು ತುಂಬಿತು. ತಾಯಿ ಮಗಳು ಅದಕ್ಕೆ ಬಿಸಿ ಜೋಳದ ರೊಟ್ಟಿ ಮುರಿದು ಅದ್ದಿಕೊಂಡು ತಿಂದರು. ಎರಡನೇ ರೊಟ್ಟಿಗೆ ಕೈ ಹಾಕುತ್ತ ರೇಣವ್ವ ಕೇಳಿದಳು:

"ಆನೇಕಲ್ದಾಗ ಏನ್ ಬೆಳೀತಾರಂತ?"